ಕೊಡಗಿನ ಚಳಿ, ತೋಟದ ಕೆಲಸ ಮತ್ತು ಕೀಮೋದ ಅಪರೂಪದ ತೊಂದರೆಗಳು

ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆಯುತ್ತಿರುವವರು ಕೊಡಗಿನ ಡಿಸೆಂಬರ್ ತಿಂಗಳನ್ನು ಹೇಗೆ ಕಳೆಯಬೇಕು ಎಂದು ತಿಳಿಸುವ ಕನ್ನಡದ ಬರಹಕ್ಕಾಗಿ ನಾನು ಒಂದು ಕಾಲದಲ್ಲಿ ಬಹಳ ಹುಡುಕಿದೆ. ಕೂದಲು ಉದುರುವುದು, ವಾಂತಿ, ಸುಸ್ತು, ಬಾಯಿಹುಣ್ಣು ಇವುಗಳ ಬಗ್ಗೆ ಬೇಕಾದಷ್ಟು ಸಿಕ್ಕಿತು. ನಮ್ಮ ಮನೆಯಲ್ಲಿ ಹೆಚ್ಚಾಗಿ ಕಾಡುತ್ತಿದ್ದುದು ಅದಾವುದೂ ಅಲ್ಲ. ಅಪ್ಪನ ತಲೆಗೂದಲು ಹಾಗೆಯೇ ಇತ್ತು. ವಾಂತಿಗೆ ಕೊಟ್ಟ ಮಾತ್ರೆಗಳು ಚೆನ್ನಾಗಿಯೇ ಕೆಲಸ ಮಾಡಿದ್ದವು. ಆದರೆ ಬೆಳಿಗ್ಗೆ ನಲ್ಲಿಯ ನೀರಿಗೆ ಕೈಯೊಡ್ಡಿದರೆ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು, ಗೇಟಿನ ಕಬ್ಬಿಣ ಮುಟ್ಟಿದರೆ ಕರೆಂಟು ಹೊಡೆದಂತಾಗಿ ಕೈ ತಾನಾಗಿ ಹಿಂದೆ ಬರುತ್ತಿತ್ತು, ಮಂಜಿನಲ್ಲಿ ಹೊರಗೆ ಕಾಲಿಟ್ಟರೆ ಗಂಟಲು ಮುಚ್ಚಿಹೋಯಿತೇನೋ ಎಂಬ ಭಯ ಹುಟ್ಟುತ್ತಿತ್ತು. ನೋಡಲು ಬಂದ ನೆಂಟರು “ಕೂದಲು ಉದುರಿಲ್ಲವಲ್ಲ, ಪರವಾಗಿಲ್ಲ” ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು.

ನಾನು ವೈದ್ಯೆಯಲ್ಲ. ನಮ್ಮ ಹತ್ತಿರದ ಮೂವರ ಚಿಕಿತ್ಸೆಯನ್ನು ಕಂಡು, ವೈದ್ಯರನ್ನೂ ನರ್ಸ್‌ಗಳನ್ನೂ ಕೇಳಿ, ಓದಿ ತಿಳಿದುಕೊಂಡದ್ದನ್ನು ನಮ್ಮ ಜಿಲ್ಲೆಯ ಇನ್ನೊಂದು ಮನೆಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಇಷ್ಟರಲ್ಲಿ ನನಗೆ ಖಚಿತವಾದ ಮಾತು ಒಂದೇ: ಅಡ್ಡ ಪರಿಣಾಮವನ್ನು ವೈದ್ಯರಿಗೆ ಹೇಳುವಾಗ ನಾವು ಯಾವ ಹವೆಯಲ್ಲಿ, ಏನು ಕೆಲಸ ಮಾಡಿಕೊಂಡು, ಆಸ್ಪತ್ರೆಯಿಂದ ಎಷ್ಟು ದೂರದಲ್ಲಿ ಬದುಕುತ್ತೇವೆ ಎಂಬುದನ್ನೂ ಸೇರಿಸಿ ಹೇಳಬೇಕು. ಹೇಳದಿದ್ದರೆ ಅವರು ಕೊಡುವ ಸಲಹೆ ನಗರದ ಮನೆಗೆ ಹೊಂದುತ್ತದೆ, ತೋಟದ ಮನೆಗೆ ಹೊಂದುವುದಿಲ್ಲ. ಅದರಲ್ಲಿ ವೈದ್ಯರ ತಪ್ಪೇನೂ ಇಲ್ಲ. ಅವರಿಗೆ ನಮ್ಮ ಬಚ್ಚಲು, ಕಣ, ಗದ್ದೆಯ ಬದು ಕಾಣುವುದಿಲ್ಲ.

ಅಪ್ಪನಿಗೆ ಆಗಿದ್ದು ದೊಡ್ಡ ಕರುಳಿನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮೈಸೂರಿನಲ್ಲಾಯಿತು. ಅದಾದ ಮೇಲೆ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ ಹದಿನಾಲ್ಕು ದಿನ ಬೆಳಿಗ್ಗೆ ಸಂಜೆ ಊಟವಾದ ಅರ್ಧ ಗಂಟೆಯೊಳಗೆ ಕ್ಯಾಪೆಸಿಟಾಬಿನ್ ಮಾತ್ರೆ, ಆಮೇಲೆ ಒಂದು ವಾರ ಬಿಡುವು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇರುವ ಬೆಂಗಳೂರಿಗೆ ಅದರ ಎರಡರಷ್ಟು. ಜಿಲ್ಲೆಗೆ ರೈಲು ಇಲ್ಲ. ನಮ್ಮ ಊರು ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಇನ್ನೂ ಒಳಗಿದೆ. ಹೀಗಾಗಿ ಔಷಧಿ ಮೈಗೆ ಏರುವುದು ನಗರದಲ್ಲಿ, ಅದು ತನ್ನ ಗುಣ ತೋರಿಸುವುದು ಮನೆಗೆ ಬಂದ ಮೇಲೆ. ಆಸ್ಪತ್ರೆಯಿಂದ ಬಂದ ಹಾಳೆಯಲ್ಲಿ ತಣ್ಣಗಿನ ಪಾನೀಯ ಬೇಡ, ಐಸ್‌ಕ್ರೀಮ್ ಬೇಡ, ಎ.ಸಿ.ಯ ಎದುರು ಕೂರಬೇಡಿ ಎಂದಿತ್ತು. ನಮ್ಮ ಮನೆಯಲ್ಲಿ ಎ.ಸಿ. ಇಲ್ಲ, ಅಪ್ಪ ಐಸ್‌ಕ್ರೀಮ್ ತಿನ್ನುವವರಲ್ಲ. ನಮ್ಮ ಚಳಿ ಬೇರೆ ಜಾಗಗಳಲ್ಲಿತ್ತು.

ಆ ಜಾಗಗಳನ್ನು ಒಂದೊಂದಾಗಿ ಗುರುತಿಸಬೇಕಾಯಿತು. ತೊಟ್ಟಿಯಿಂದ ಬರುವ ನೀರು, ರಾತ್ರಿಯೆಲ್ಲ ಹೊರಗಿದ್ದ ಕತ್ತಿ, ಸ್ಟೀಲ್ ಲೋಟ, ಜೀಪಿನ ಬಾಗಿಲ ಹಿಡಿ, ಸಿಮೆಂಟಿನ ನೆಲ, ಮಂಜು ಕುಡಿದು ಒದ್ದೆಯಾದ ಬಟ್ಟೆ. ಆಕ್ಸಾಲಿಪ್ಲಾಟಿನ್ ನರಗಳ ಮೇಲೆ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಡ್ರಿಪ್ ಹಾಕಿದ ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನದೊಳಗೆ ಬರುತ್ತದೆ: ನರದ ಪೊರೆಯ ಸೋಡಿಯಂ ದ್ವಾರಗಳ ವರ್ತನೆ ಕೆಡುವುದರಿಂದ ತಂಪು ತಾಗಿದ ಕೂಡಲೇ ನರ ಅತಿಯಾಗಿ ಉದ್ರೇಕಗೊಂಡು ಜುಮ್ಮೆನ್ನುವುದು, ಸೆಳೆತ, ಬೆರಳು ಸೆಟೆದುಕೊಳ್ಳುವುದು ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಈ ಔಷಧಿ ಪಡೆಯುವವರಲ್ಲಿ ಬಹುಪಾಲು ಜನರಿಗೆ ಇದು ಆಗುತ್ತದೆ. ಅಪರೂಪವೆನಿಸುವುದು ಕೇಳುವವರಿಗೆ ಮಾತ್ರ. ಎರಡನೆಯದು ನಿಧಾನವಾಗಿ, ಪ್ರತಿ ಡ್ರಿಪ್‌ನೊಂದಿಗೆ ಕೂಡುತ್ತಾ ಹೋಗುವ ಮರಗಟ್ಟುವಿಕೆ. ಮೊದಲನೆಯದರಿಂದ ಹೆದರಿಕೆ ಹೆಚ್ಚು, ಎರಡನೆಯದರಿಂದ ಹಾನಿ ಹೆಚ್ಚು.

ಮೊದಲನೆಯದಕ್ಕೆ ನಾವು ಮಾಡಿದ್ದು ಸರಳ. ಡ್ರಿಪ್ ಆದ ಮೊದಲ ವಾರವಿಡೀ ಬಚ್ಚಲಿನ ಹಂಡೆಯ ಒಲೆ ಆರದಂತೆ ಅವ್ವ ನೋಡಿಕೊಂಡರು. ಹಲ್ಲುಜ್ಜುವುದಕ್ಕೂ ಕೈ ತೊಳೆಯುವುದಕ್ಕೂ ಉಗುರುಬೆಚ್ಚಗಿನ ನೀರೇ. ಸ್ಟೀಲ್ ಲೋಟದ ಬದಲು ಪಿಂಗಾಣಿ ಕಪ್ಪು, ಚಮಚವೂ ಮರದ್ದು. ಮರದ ಚಮಚದಿಂದ ಇನ್ನೊಂದು ಅನುಕೂಲವಾಯಿತು: ಬಾಯಲ್ಲಿ ಸದಾ ಇರುತ್ತಿದ್ದ ಕಬ್ಬಿಣದಂಥ ರುಚಿ ಊಟದ ಹೊತ್ತಿಗೆ ಸ್ವಲ್ಪ ಕಡಿಮೆಯಾಯಿತು. ಬಾಯಿಹುಣ್ಣು ಇಲ್ಲದ ವಾರಗಳಲ್ಲಿ ಸಾರಿಗೆ ನಮ್ಮ ಕಡೆಯ ಹುಳಿರಸವಾದ ಕಾಚಂಪುಳಿ ಎರಡು ಹನಿ ಬಿದ್ದರೆ ಅಪ್ಪನಿಗೆ ಊಟ ಸೇರುತ್ತಿತ್ತು, ಹುಣ್ಣಿದ್ದಾಗ ಅದೇ ಕಾಚಂಪುಳಿ ಬೆಂಕಿ. ಫ್ರಿಜ್ ತೆರೆಯುವ ಕೆಲಸ ಮನೆಯ ಉಳಿದವರದ್ದು. ಬೆಳಿಗ್ಗೆ ಮಂಜು ಕರಗುವ ತನಕ ಅಪ್ಪ ತೋಟಕ್ಕೆ ಇಳಿಯಬಾರದು ಎಂಬುದಷ್ಟೇ ಕಷ್ಟದ ನಿಯಮವಾಗಿತ್ತು. ಸೈನ್ಯದಲ್ಲಿದ್ದು ಬಂದವರು, ನಸುಕಿಗೆ ಎದ್ದು ತೋಟ ಸುತ್ತುವುದು ಅವರ ಜೀವನದ ಕ್ರಮ. ವೈದ್ಯರೇ ಬಾಯಿಬಿಟ್ಟು ಹೇಳಿದ ಮೇಲೆ ಒಪ್ಪಿದರು.

ಗಂಟಲಿನ ವಿಷಯವನ್ನು ಬಿಡಿಸಿ ಹೇಳಬೇಕು. ತಣ್ಣಗಿನ ಗಾಳಿ ಒಳಗೆಳೆದ ಕೂಡಲೇ ಉಸಿರೇ ಸಿಗುತ್ತಿಲ್ಲ, ನುಂಗಲಾಗುತ್ತಿಲ್ಲ ಎಂಬ ಅನುಭವ ಕೆಲವರಿಗೆ ಆಗುತ್ತದೆ; ತೀವ್ರ ಸ್ವರೂಪದಲ್ಲಿ ನೂರರಲ್ಲಿ ಒಬ್ಬಿಬ್ಬರಿಗೆ. ಅನುಭವ ಎಷ್ಟೇ ಭಯಂಕರವಾಗಿದ್ದರೂ ಆಗ ಶ್ವಾಸನಾಳ ನಿಜವಾಗಿ ಮುಚ್ಚಿರುವುದಿಲ್ಲ, ರಕ್ತದ ಆಮ್ಲಜನಕ ಇಳಿದಿರುವುದಿಲ್ಲ. ಮೂಗು ಬಾಯಿಗೆ ಉಣ್ಣೆಯ ಮಫ್ಲರ್ ಸುತ್ತಿ ತನ್ನದೇ ಬೆಚ್ಚಗಿನ ಉಸಿರನ್ನು ಎಳೆದುಕೊಳ್ಳುವುದು, ಒಳಗೆ ಬಂದು ಬಿಸಿನೀರನ್ನು ಗುಟುಕು ಗುಟುಕಾಗಿ ಕುಡಿಯುವುದು ಇವೆರಡರಿಂದ ಅಪ್ಪನಿಗೆ ಬೇಗ ಕಡಿಮೆಯಾಗುತ್ತಿತ್ತು. ಆದರೆ ಇದನ್ನೇ ನೆಚ್ಚಿಕೊಂಡು ಪ್ರತಿ ಉಸಿರಾಟದ ತೊಂದರೆಯನ್ನೂ ಚಳಿಯ ತಲೆಗೆ ಕಟ್ಟಬಾರದು. ಇದೇ ಔಷಧಿಗೆ ಅಲರ್ಜಿಯೂ ಆಗಬಹುದು, ಅದೂ ಹಲವು ಸಲ ಡ್ರಿಪ್ ಪಡೆದ ನಂತರ ಇದ್ದಕ್ಕಿದ್ದಂತೆ. ಡ್ರಿಪ್ ನಡೆಯುತ್ತಿರುವಾಗ ಅಥವಾ ಮುಗಿದ ಸ್ವಲ್ಪ ಹೊತ್ತಿನಲ್ಲಿ ಮೈ ಕೆಂಪಾಗಿ ತುರಿಸುವುದು, ಬೆವರುವುದು, ತುಟಿ ಊದುವುದು, ಗೊರಗೊರ ಸದ್ದಿನ ಉಸಿರು, ತಲೆ ಸುತ್ತು ಬಂದರೆ ಅದು ಚಳಿಯ ಆಟವಲ್ಲ. ಆ ಕ್ಷಣವೇ ನರ್ಸನ್ನು ಕೂಗಬೇಕು, ದಾರಿಯಲ್ಲಿದ್ದರೆ ಸಿಕ್ಕ ಮೊದಲ ಆಸ್ಪತ್ರೆಗೆ ನುಗ್ಗಬೇಕು.

ಇನ್ನು ಕ್ಯಾಪೆಸಿಟಾಬಿನ್. ಈ ಮಾತ್ರೆಯಿಂದ ಅಂಗೈ ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಎದ್ದು, ಬಿರುಕು ಬಿಡುವುದನ್ನು ಆಸ್ಪತ್ರೆಯಲ್ಲಿ ಹ್ಯಾಂಡ್-ಫುಟ್ ಸಿಂಡ್ರೋಮ್ ಎನ್ನುತ್ತಾರೆ. ಒತ್ತಡ, ತಿಕ್ಕಾಟ, ಬಿಸಿ ಇವು ಅದನ್ನು ಕೆರಳಿಸುತ್ತವೆ. ತೋಟದ ಮನೆಯಲ್ಲಿ ಒತ್ತಡವೂ ತಿಕ್ಕಾಟವೂ ಬಿಸಿಯೂ ಇಲ್ಲದ ಕೆಲಸ ಯಾವುದಿದೆ? ಗಂಬೂಟ್ ಹಾಕಿಕೊಂಡು ಇಳಿಜಾರಿನಲ್ಲಿ ನಡೆದರೆ ಹಿಮ್ಮಡಿ ಉಜ್ಜುತ್ತದೆ, ರಬ್ಬರಿನೊಳಗೆ ಪಾದ ಬೆಂದಂತಾಗುತ್ತದೆ. ಚಿಗುರು ತೆಗೆಯುವಾಗ ಕತ್ತಿಯ ಹಿಡಿ ಅಂಗೈಗೆ ಒತ್ತುತ್ತದೆ. ಕೊಯ್ಲಿನಲ್ಲಿ ಹಣ್ಣನ್ನು ಗೆಲ್ಲಿನಿಂದ ಎಳೆಯುವಾಗ ಬೆರಳ ತುದಿ ಸವೆಯುತ್ತದೆ. ಜನವರಿಯಲ್ಲಿ ಕಣದ ಮೇಲೆ ಕಾಫಿ ಹರಡಿದಾಗ ಕಾಲಡಿಯ ಸಿಮೆಂಟು ಸುಡುತ್ತದೆ, ಮೇಲಿನಿಂದ ಬಿಸಿಲು. ಈ ಗುಂಪಿನ ಔಷಧಿಗಳಿಂದ ಚರ್ಮ ಬಿಸಿಲಿಗೂ ಬೇಗ ಕಪ್ಪಾಗಿ ಸುಡುತ್ತದೆ. ಚಳಿಯಿಂದ ಕಾಪಾಡಲು ಬಿಸಿನೀರು ಬೇಕು, ಅಂಗೈ ಕಾಪಾಡಲು ಬಿಸಿನೀರು ಬೇಡ. ಎರಡೂ ಔಷಧಿ ಒಟ್ಟಿಗೆ ಪಡೆಯುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು: ನೀರು ಉಗುರುಬೆಚ್ಚಗಿರಬೇಕೇ ಹೊರತು ಹೊಗೆಯಾಡಬಾರದು.

ಅಪ್ಪನ ಅಂಗಾಲಿನಲ್ಲಿ ಕೆಂಪು ಕಾಣಿಸಿದ ವಾರವೇ ಗಂಬೂಟನ್ನು ಅಟ್ಟಕ್ಕೆ ಹಾಕಿ, ಒಳಗೆ ಮೆತ್ತನೆಯ ಅಟ್ಟೆಯಿರುವ ಸಡಿಲ ಶೂ, ಹತ್ತಿಯ ಕಾಲುಚೀಲ ಕೊಟ್ಟೆವು. ದಿನಕ್ಕೆರಡು ಸಲ ಯೂರಿಯಾ ಇರುವ ಮುಲಾಮನ್ನು ಉಜ್ಜದೆ, ಹಗುರವಾಗಿ ಸವರುವುದು. ಮಲಗುವಾಗ ಮುಲಾಮಿನ ಮೇಲೆ ಹತ್ತಿಯ ಕೈಚೀಲ. ಇದರ ಜೊತೆಗೆ ನಮ್ಮ ವೈದ್ಯರು ಸೂಚಿಸಿದ್ದು, ಮಂಡಿನೋವಿಗೆ ಹಚ್ಚುತ್ತೇವಲ್ಲ, ಆ ಡೈಕ್ಲೋಫೆನಾಕ್ ಜೆಲ್. ನನಗೆ ಮೊದಲು ಆಶ್ಚರ್ಯವಾಯಿತು. ಓದಿದ ಮೇಲೆ ಹೆಮ್ಮೆಯೂ ಆಯಿತು. ದೆಹಲಿಯ ಏಮ್ಸ್‌ನ ವೈದ್ಯರು ಕ್ಯಾಪೆಸಿಟಾಬಿನ್ ಪಡೆಯುತ್ತಿದ್ದ 264 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಶೇಕಡಾ 1ರ ಡೈಕ್ಲೋಫೆನಾಕ್ ಜೆಲ್ ಹಚ್ಚಿಕೊಂಡವರಲ್ಲಿ ಮಧ್ಯಮ ಅಥವಾ ತೀವ್ರ ಮಟ್ಟದ ತೊಂದರೆ ಶೇಕಡಾ 3.8 ಜನರಿಗೆ ಮಾತ್ರ ಬಂದಿತ್ತು, ಔಷಧಿಯಿಲ್ಲದ ಜೆಲ್ ಹಚ್ಚಿಕೊಂಡವರಲ್ಲಿ ಶೇಕಡಾ 15 ಜನರಿಗೆ. ಯಾವ ಊರಿನ ಔಷಧಿ ಅಂಗಡಿಯಲ್ಲೂ ಸಿಗುವ, ಬಡವರೂ ಕೊಳ್ಳಬಹುದಾದ ಒಂದು ಟ್ಯೂಬಿನಿಂದ ಇಷ್ಟಾಗುತ್ತದೆಂಬುದು ಸಣ್ಣ ಮಾತಲ್ಲ. ಅದನ್ನು ತೊಂದರೆ ಬರುವುದಕ್ಕೆ ಮುಂಚೆಯೇ, ವೈದ್ಯರನ್ನು ಕೇಳಿಕೊಂಡು ಆರಂಭಿಸಬೇಕು. ಒಡೆದ ಚರ್ಮಕ್ಕೆ ಹಚ್ಚುವಂಥದ್ದಲ್ಲ. ನಡೆಯಲು, ತುತ್ತು ಕಲಸಲು ಕಷ್ಟವಾಗುವಷ್ಟು ನೋವು ಬಂದರೆ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ ಪ್ರಮಾಣ ತಗ್ಗಿಸುವುದೇ ಸರಿಯಾದ ಚಿಕಿತ್ಸೆ ಎಂದು ಅವರು ಒತ್ತಿ ಹೇಳಿದ್ದರು.

ಇದೇ ಮಾತ್ರೆಯಿಂದ ಬೆರಳಚ್ಚು ಅಳಿಸಿಹೋಗಬಹುದೆಂದು ನಮಗೆ ಗೊತ್ತಾಗಿದ್ದು ನವೆಂಬರಿನಲ್ಲಿ, ಪಿಂಚಣಿದಾರರು ಜೀವನ ಪ್ರಮಾಣಪತ್ರ ಸಲ್ಲಿಸುವ ತಿಂಗಳಿನಲ್ಲಿ. ಹತ್ತೂ ಬೆರಳನ್ನು ಒತ್ತಿಸಿದರೂ ಯಂತ್ರ ಅಪ್ಪನನ್ನು ಗುರುತಿಸಲಿಲ್ಲ. ಅಂಗೈ ಅಷ್ಟೇನೂ ಕೆಟ್ಟಿರಲಿಲ್ಲ. ಚರ್ಮ ಕೆಂಪಾಗದೆಯೂ ರೇಖೆಗಳು ಸವೆಯಬಹುದಂತೆ. ಇದು ಹೊಸ ಸಂಗತಿಯೂ ಅಲ್ಲ. ಸಿಂಗಪುರದ ರೋಗಿಯೊಬ್ಬರನ್ನು ಬೆರಳಚ್ಚು ಸಿಗಲಿಲ್ಲವೆಂದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ತಡೆದಿಟ್ಟಿದ್ದ ಸಂಗತಿಯನ್ನು ಅವರ ವೈದ್ಯರು 2009ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ನಿವೃತ್ತ ಸೈನಿಕರು ಇಷ್ಟೊಂದು ಇರುವ ನಮ್ಮ ಜಿಲ್ಲೆಯಲ್ಲಿ ಇದನ್ನು ತಿಳಿದಿರುವುದು ಒಳ್ಳೆಯದು. ಜೀವನ ಪ್ರಮಾಣ್ ವ್ಯವಸ್ಥೆಯಲ್ಲಿ 2021ರ ನವೆಂಬರಿನಿಂದ ಮುಖ ತೋರಿಸಿ ಗುರುತು ದೃಢಪಡಿಸುವ ಅವಕಾಶವಿದೆ. ಮನೆಯ ಮೊಬೈಲಿನಲ್ಲೇ ಮಾಡಬಹುದು. ಬ್ಯಾಂಕಿಗೆ ಹೋಗಿ ಕಾಗದದ ಪ್ರಮಾಣಪತ್ರ ಕೊಡುವ ದಾರಿಯೂ ಇದೆ. ಆಧಾರ್ ಕೇಳುವ ಬೇರೆ ಕೆಲಸಗಳಿಗೆ ಕಣ್ಣಿನ ಪಾಪೆ ಅಥವಾ ಒ.ಟಿ.ಪಿ. ಅನುಕೂಲವಾಗುತ್ತದೆ, ಆದ್ದರಿಂದ ಕೀಮೋ ಆರಂಭವಾಗುವ ಮುಂಚೆಯೇ ಆಧಾರ್‌ಗೆ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆಯೇ ಎಂದು ನೋಡಿಕೊಳ್ಳಿ. ರೋಗಿ ಇಂಥ ಮಾತ್ರೆ ಪಡೆಯುತ್ತಿದ್ದಾರೆ, ಇದರಿಂದ ಬೆರಳಚ್ಚು ಅಳಿಯಬಹುದು ಎಂದು ವೈದ್ಯರಿಂದ ಎರಡು ಸಾಲಿನ ಪತ್ರ ಬರೆಸಿಟ್ಟುಕೊಳ್ಳಿ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿದ್ದುಕೊಂಡು ತಿಂಗಳು ತಿಂಗಳು ಬೆರಳೊತ್ತಿ ಪಡಿತರ ತರುವ ಕುಟುಂಬಕ್ಕೆ ಇದು ಊಟದ ಪ್ರಶ್ನೆ. ಮಾತ್ರೆ ನಿಂತ ಕೆಲವು ವಾರಗಳಲ್ಲಿ ರೇಖೆಗಳು ಸಾಮಾನ್ಯವಾಗಿ ಮರಳುತ್ತವೆ, ಅಪ್ಪನಿಗೂ ಮರಳಿದವು.

ಬಿಕ್ಕಳಿಕೆಯನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಡ್ರಿಪ್ ಆದ ಮೇಲಿನ ರಾತ್ರಿಗಳಲ್ಲಿ ಅಪ್ಪನಿಗೆ ಅದು ನಿದ್ದೆ ಬಿಡಿಸುವಷ್ಟು ಬರುತ್ತಿತ್ತು. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಇದಕ್ಕೆ ಒಂದು ಕಾರಣವಾಗಿರಬಹುದು, ಗಂಡಸರಲ್ಲಿ ಇದು ಹೆಚ್ಚು. ಹೇಳಿಕೊಂಡರೆ ಆ ಔಷಧಿಯನ್ನು ಬದಲಿಸಬಹುದು, ಬಾಕ್ಲೋಫೆನ್‌ನಂಥ ಮಾತ್ರೆಯನ್ನೂ ಕೊಡಬಹುದು. ಹೇಳಿಕೊಳ್ಳಬೇಕು, ಅಷ್ಟೆ.

ಎದೆನೋವನ್ನು ಮಾತ್ರ ಹೇಳಿಕೊಳ್ಳುವುದಷ್ಟೇ ಸಾಲದು. ಕ್ಯಾಪೆಸಿಟಾಬಿನ್, ಅದು ದೇಹದೊಳಗೆ ಮಾರ್ಪಟ್ಟು ಆಗುವ ಫ್ಲೋರೋಯುರಾಸಿಲ್ ಎರಡೂ ಅಪರೂಪಕ್ಕೆ ಹೃದಯದ ರಕ್ತನಾಳವನ್ನು ಹಿಂಡಿದಂತೆ ಸಂಕುಚಿತಗೊಳಿಸುತ್ತವೆ, ಅದೂ ಹಿಂದೆಂದೂ ಹೃದಯದ ಕಾಯಿಲೆ ಇಲ್ಲದವರಲ್ಲಿ. ಎದೆ ಬಿಗಿದರೆ ಮುಂದಿನ ಮಾತ್ರೆ ನುಂಗಬಾರದು. ಮೈಸೂರಿನ ವೈದ್ಯರಿಗೆ ಫೋನು ಹತ್ತಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಬೇಕು, ಯಾವ ಮಾತ್ರೆ ಎಂಬುದನ್ನು ಅಲ್ಲಿ ಮೊದಲೇ ಹೇಳಬೇಕು. ಗ್ಯಾಸ್ಟ್ರಿಕ್ ಇರಬಹುದೆಂದು ಜೀರಿಗೆ ಕಷಾಯ ಕುಡಿದು ಮಲಗುವುದು ನಮ್ಮ ಕಡೆಯ ಅಭ್ಯಾಸ, ಈ ಮಾತ್ರೆಯ ಜೊತೆ ಆ ಅಭ್ಯಾಸ ಅಪಾಯಕಾರಿ. ಇನ್ನೊಂದು ಸಂಗತಿ: ಶಕ್ತಿ ಬರಲೆಂದು ತಂದುಕೊಡುವ ವಿಟಮಿನ್ ಮಾತ್ರೆಗಳಲ್ಲಿ ಫೋಲಿಕ್ ಆಮ್ಲ ಇರುತ್ತದೆ, ಅದು ಕ್ಯಾಪೆಸಿಟಾಬಿನ್‌ನ ವಿಷವನ್ನು ಹೆಚ್ಚಿಸಬಲ್ಲದು. ಪ್ರೀತಿಯಿಂದ ನೆಂಟರು ತಂದ ಡಬ್ಬಿಯನ್ನೂ ವೈದ್ಯರಿಗೆ ತೋರಿಸದೆ ತೆರೆಯಬಾರದು.

ನಮ್ಮ ಸೋದರತ್ತೆಗೆ ಸ್ತನ ಕ್ಯಾನ್ಸರ್ ಆಗಿದ್ದಾಗ ಚಿಕಿತ್ಸೆ ಕಕ್ಕಡ ತಿಂಗಳಿನಲ್ಲಿ ಬಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಈ ತಿಂಗಳ ಹದಿನೆಂಟನೆಯ ದಿನ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಬೇಯಿಸಿದ ನೀರು ಗಾಢ ನೇರಳೆಯಾಗುತ್ತದೆ, ಉಂಡವರ ಮೂತ್ರವೂ ಕೆಂಪಾಗುತ್ತದೆ; ಮದ್ದು ಮೈಗೆ ಹತ್ತಿತೆಂದು ಹಿರಿಯರು ಸಂತೋಷಪಡುತ್ತಾರೆ. ಅತ್ತೆಗೆ ಕೊಡುತ್ತಿದ್ದ ಡಾಕ್ಸೋರುಬಿಸಿನ್ ಎಂಬ ಕೆಂಪು ಔಷಧಿಯಿಂದಲೂ ಒಂದೆರಡು ದಿನ ಮೂತ್ರ ಕೆಂಪಾಗುತ್ತದೆ, ಅದು ಬರೀ ಬಣ್ಣ, ತೊಂದರೆಯಲ್ಲ. ಆದರೆ ಅದರ ಜೊತೆಗೇ ಕೊಡುವ ಸೈಕ್ಲೋಫಾಸ್ಫಮೈಡ್‌ನಿಂದ ಅಪರೂಪಕ್ಕೆ ಮೂತ್ರಕೋಶದ ಒಳಪದರ ಕೆರಳಿ ನಿಜವಾದ ರಕ್ತ ಹೋಗಬಹುದು. ಒಂದೇ ಬಣ್ಣಕ್ಕೆ ಮೂರು ಕಾರಣಗಳು, ಅವುಗಳಲ್ಲಿ ಒಂದು ಅಪಾಯದ್ದು. ಉರಿ, ಪದೇ ಪದೇ ಹೋಗಬೇಕೆನ್ನಿಸುವುದು, ಹೆಪ್ಪುಗಟ್ಟಿದ ಚೂರು, ಅಥವಾ ಎರಡು ದಿನ ದಾಟಿದರೂ ಇಳಿಯದ ಕೆಂಪು ಕಂಡರೆ ಪರೀಕ್ಷೆ ಮಾಡಿಸಲೇಬೇಕು. ಚಿಕಿತ್ಸೆಯ ವರ್ಷ ಅತ್ತೆ ಪಾಯಸ ಮುಟ್ಟಲಿಲ್ಲ. ಮದ್ದುಸೊಪ್ಪಿನ ಮೇಲೆ ನನಗೆ ಗೌರವ ಕಡಿಮೆಯಾಗಿ ಹೀಗೆ ಹೇಳುತ್ತಿಲ್ಲ. ಕೀಮೋ ನಡೆಯುವಾಗ ದೇಹ ಕೊಡುವ ಸೂಚನೆ ಗೊಂದಲವಿಲ್ಲದೆ ಓದಲು ಸಿಗಬೇಕು, ಅದಕ್ಕಾಗಿ ಒಂದು ವರ್ಷದ ಪಾಯಸವನ್ನು ಬಿಡಬಹುದು. ಮಳೆಗಾಲದಲ್ಲಿ ಬಾಯಾರಿಕೆ ಆಗುವುದಿಲ್ಲ, ನೀರು ಕುಡಿಯಲು ಮನಸ್ಸೇ ಬರುವುದಿಲ್ಲ. ಮೂತ್ರಕೋಶ ತೊಳೆದುಹೋಗುವಷ್ಟು ನೀರು ಕುಡಿಸುವುದು ಆ ದಿನಗಳಲ್ಲಿ ಮನೆಯವರ ಮುಖ್ಯ ಕೆಲಸವಾಗಿತ್ತು.

ಮೂರನೆಯವರು ನಮ್ಮ ತೋಟದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಎಲೆ, ಅಡಿಕೆ, ಹೊಗೆಸೊಪ್ಪು ಅಗಿಯುತ್ತಿದ್ದವರು. ಬಾಯಿಯ ಕ್ಯಾನ್ಸರಿಗೆ ರೇಡಿಯೇಷನ್ ಜೊತೆ ಸಿಸ್ಪ್ಲಾಟಿನ್ ಆಯಿತು. ಸಿಸ್ಪ್ಲಾಟಿನ್ ಒಳಗಿವಿಯ ಸೂಕ್ಷ್ಮ ಕೋಶಗಳನ್ನು ಕೊಲ್ಲುತ್ತದೆ, ಮೊದಲು ಹೋಗುವುದು ತೀಕ್ಷ್ಣವಾದ, ಸಣ್ಣ ಸದ್ದುಗಳು. ಮಾತು ಕೇಳುತ್ತಲೇ ಇರುವುದರಿಂದ ಕಿವಿ ಹೋಗುತ್ತಿದೆಯೆಂದು ಮನೆಯವರಿಗೂ ಗೊತ್ತಾಗುವುದಿಲ್ಲ. ಅವರು ದೂರಿದ್ದು ಕಿವಿಯಲ್ಲಿ ಜೀರುಂಡೆಯ ಸದ್ದು ನಿಲ್ಲುತ್ತಿಲ್ಲ ಎಂದು ಮಾತ್ರ. ಆನೆ ಓಡಾಡುವ ತೋಟದಲ್ಲಿ ಒಣಕಡ್ಡಿ ಮುರಿದ ಸದ್ದು, ಹಕ್ಕಿ ಬೆದರಿ ಕೂಗಿದ ಸದ್ದು ಕೇಳುವ ಕಿವಿ ಮನುಷ್ಯನ ಪ್ರಾಣ ಉಳಿಸುತ್ತದೆ. ಅದು ಕೇಳದವರು ಬೆಳಗಿನ ಹೊತ್ತು ಒಬ್ಬರೇ ಹೋಗಬಾರದು. ಈ ಮಾತನ್ನು ವೈದ್ಯರಿಗೆ ಹೇಳಿದ ಮೇಲೆಯೇ ಅವರಿಗೆ ಕಿವಿಯ ಪರೀಕ್ಷೆ ಆಯಿತು. ಇಂಥ ಹಾನಿ ಮರಳುವಂಥದ್ದಲ್ಲ, ಆದ್ದರಿಂದ ಸಿಸ್ಪ್ಲಾಟಿನ್ ಆರಂಭಿಸುವ ಮುಂಚೆ ಒಮ್ಮೆ, ನಡುವೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸುವಂತೆ ಕೇಳುವುದು ರೋಗಿಯ ಹಕ್ಕು. ರೇಡಿಯೇಷನ್ ಆದ ತಿಂಗಳುಗಳ ನಂತರ ಅವರ ಬಾಯಿ ತೆರೆಯುವುದೂ ಕಡಿಮೆಯಾಗುತ್ತಾ ಬಂತು. ದವಡೆಯ ಸ್ನಾಯು ಗಟ್ಟಿಯಾಗುವ ಇದಕ್ಕೆ ವ್ಯಾಯಾಮವೇ ಔಷಧಿ: ಮೂರು ಬೆರಳು ಒಂದರ ಮೇಲೊಂದಿಟ್ಟರೆ ಹಲ್ಲುಗಳ ನಡುವೆ ಹಿಡಿಯಬೇಕು, ಎರಡೇ ಹಿಡಿದರೆ ತಡಮಾಡದೆ ತೋರಿಸಬೇಕು. ಮತ್ತೆ, ರೇಡಿಯೇಷನ್ ಬಿದ್ದ ದವಡೆಯ ಹಲ್ಲನ್ನು ವರ್ಷಗಳ ನಂತರವೂ ಸಂತೆಪೇಟೆಯ ಯಾವುದೋ ಕ್ಲಿನಿಕ್ಕಿನಲ್ಲಿ ಸುಮ್ಮನೆ ಕೀಳಿಸಬಾರದು, ಮೂಳೆ ಮಾಗದೆ ಕೊಳೆಯುವ ಸಾಧ್ಯತೆ ಇದೆ. ಹಳೆಯ ಚಿಕಿತ್ಸೆಯ ಕಾಗದ ತೋರಿಸಿಯೇ ಮುಂದುವರಿಯಬೇಕು.

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಈಗ ನಮ್ಮ ಕಡೆಯವರಿಗೂ ಸಿಗುತ್ತಿರುವುದರಿಂದ ಒಂದು ಮಾತು. ಅದರ ತೊಂದರೆಗಳು ತಿಂಗಳುಗಳ ನಂತರ, ಚಿಕಿತ್ಸೆ ನಿಂತ ಮೇಲೂ ಬರಬಹುದು. ಥೈರಾಯ್ಡ್ ಕುಂದಿದರೆ ಮೊದಲು ಕಾಣುವುದು ಸುಸ್ತು ಮತ್ತು ಚಳಿ. ಜುಲೈ ತಿಂಗಳ ಕೊಡಗಿನಲ್ಲಿ ಯಾರಾದರೂ ಚಳಿಯಾಗುತ್ತದೆ ಎಂದರೆ ಒಲೆಯ ಹತ್ತಿರ ಕೂರಿಸುತ್ತಾರೆಯೇ ಹೊರತು ರಕ್ತಪರೀಕ್ಷೆಗೆ ಕರೆದೊಯ್ಯುವುದಿಲ್ಲ. ಮನೆಯ ಉಳಿದವರಿಗಿಂತ ರೋಗಿಗೆ ಹೆಚ್ಚು ಚಳಿಯಾಗುತ್ತಿದೆಯೇ ಎಂದು ಹೋಲಿಸಿ ನೋಡಿದರೆ ತಿಳಿಯುತ್ತದೆ. ಹೊಸದಾಗಿ ಬಂದ ಒಣಕೆಮ್ಮು, ಏದುಸಿರು, ದಿನಕ್ಕೆ ಹಲವು ಸಲ ಭೇದಿ ಇವುಗಳಿಗೂ ಅದೇ ಎಚ್ಚರ ಬೇಕು. ಇಮ್ಯುನೊಥೆರಪಿಯಿಂದ ಬಂದ ಇಂಥ ಕೆಮ್ಮು, ಭೇದಿಗೆ ವೈದ್ಯರು ಸ್ಟಿರಾಯ್ಡ್ ಬೇಗ ಆರಂಭಿಸಿದಷ್ಟೂ ಒಳ್ಳೆಯದು.

ಜ್ವರ ಅಪರೂಪದ ತೊಂದರೆಯಲ್ಲ. ಆದರೂ ದೂರದ ಊರಿನವರಿಗಾಗಿ ಬರೆಯಲೇಬೇಕು. ಕೀಮೋ ನಡೆಯುವಾಗ ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅದು ತುರ್ತು ಸ್ಥಿತಿ, ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯುವಂಥದ್ದಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದದ್ದನ್ನು ನಾವು ಕಂಡಿದ್ದೇವೆ. ದೊಡ್ಡ ಮಳೆಗೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ ಹೋಗುತ್ತದೆ. ಚಿಕಿತ್ಸೆ ಮಳೆಗಾಲದಲ್ಲಿ ಬರುವುದಾದರೆ ಮೊದಲ ಭೇಟಿಯಲ್ಲೇ ವೈದ್ಯರಿಗೆ ಇದನ್ನು ಹೇಳಿ, ಜ್ವರ ಬಂದರೆ ಮಡಿಕೇರಿಯಲ್ಲಿ ಯಾವ ಇಂಜೆಕ್ಷನ್ ಆರಂಭಿಸಬೇಕು ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಅತ್ತೆಗೆ ಹಾಗೆ ಬರೆಸಿಕೊಂಡಿದ್ದೆವು. ಬಿಳಿ ರಕ್ತಕಣ ತೀರಾ ಇಳಿಯುವ ವಾರದಲ್ಲಿ ಅವರು ಮಡಿಕೇರಿಯ ನೆಂಟರ ಮನೆಯಲ್ಲೇ ಉಳಿಯುತ್ತಿದ್ದರು.

ವೈದ್ಯರ ಮುಂದೆ ಕುಳಿತಾಗ “ಹೇಗಿದ್ದೀರಿ?” ಎಂದರೆ ನಮ್ಮ ಹಿರಿಯರು “ಚೆನ್ನಾಗಿದ್ದೇನೆ” ಎನ್ನುತ್ತಾರೆ. ಅಪ್ಪನೂ ಹಾಗೆಯೇ. ಜೋಮು ಇದೆಯೇ ಎಂದು ಕೇಳಿದರೆ ಸ್ವಲ್ಪ ಎನ್ನುತ್ತಿದ್ದರು, ಆ ಸ್ವಲ್ಪದಿಂದ ವೈದ್ಯರಿಗೆ ಏನೂ ತಿಳಿಯುತ್ತಿರಲಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ಕೆಲಸಗಳನ್ನು ಬರೆದಿಡತೊಡಗಿದೆ: ಅಂಗಿಯ ಗುಂಡಿ ಹಾಕಲು ಆಗುತ್ತದೆಯೇ, ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯುತ್ತದೆಯೇ, ಕಾಫಿ ಬೀಜ ಆರಿಸಲು ಬೆರಳಿಗೆ ಸಿಗುತ್ತದೆಯೇ, ಕತ್ತಲಲ್ಲಿ ಬಚ್ಚಲಿಗೆ ನಡೆಯುವಾಗ ತೂರಾಡುತ್ತಾರೆಯೇ, ಮತ್ತು ಮುಂದಿನ ಡ್ರಿಪ್‌ನ ದಿನಕ್ಕೂ ಜೋಮು ಪೂರ್ತಿ ಇಳಿಯದೆ ಉಳಿದಿದೆಯೇ. ಕೊನೆಯದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಉಳಿಯತೊಡಗಿದೆ ಎಂದು ತೋರಿಸಿದ ದಿನ ವೈದ್ಯರು ಆಕ್ಸಾಲಿಪ್ಲಾಟಿನ್ ಪ್ರಮಾಣ ತಗ್ಗಿಸಿದರು, ಆಮೇಲೆ ಅದನ್ನು ಪೂರ್ತಿ ಬಿಟ್ಟು ಮಾತ್ರೆಯನ್ನಷ್ಟೇ ಮುಂದುವರಿಸಿದರು. ಔಷಧಿ ಕಡಿಮೆಯಾದರೆ ಕ್ಯಾನ್ಸರ್ ಮರಳುತ್ತದೆಂದು ಅವ್ವ ಆ ರಾತ್ರಿ ನಿದ್ದೆ ಮಾಡಲಿಲ್ಲ. ಆ ಭಯ ಎಲ್ಲ ಮನೆಗಳಲ್ಲೂ ಇರುತ್ತದೆ, ನೋವನ್ನು ಮುಚ್ಚಿಡುವುದಕ್ಕೂ ಅದೇ ಕಾರಣ. 2018ರಲ್ಲಿ ಪ್ರಕಟವಾದ, ಆರು ಅಧ್ಯಯನಗಳ 12,000ಕ್ಕೂ ಹೆಚ್ಚು ರೋಗಿಗಳನ್ನು ಒಟ್ಟಿಗೆ ನೋಡಿದ ವರದಿಯೊಂದು, ಮೂರನೆಯ ಹಂತದ ಕರುಳಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಅಪಾಯ ಕಡಿಮೆಯಿರುವವರಿಗೆ ಈ ಎರಡು ಔಷಧಿಗಳ ಜೋಡಿ ಆರು ತಿಂಗಳ ಬದಲು ಮೂರು ತಿಂಗಳು ಕೊಟ್ಟರೂ ಸಾಕಾಗುತ್ತದೆ, ನರದ ಹಾನಿ ಬಹಳ ತಗ್ಗುತ್ತದೆ ಎಂದು ತೋರಿಸಿದೆ. ಯಾರಿಗೆ ಮೂರು, ಯಾರಿಗೆ ಆರು ಎಂಬುದನ್ನು ವೈದ್ಯರೇ ಹೇಳಬೇಕು. ಕೇಳುವುದಂತೂ ನಮ್ಮ ಕೆಲಸ.

ಆಕ್ಸಾಲಿಪ್ಲಾಟಿನ್ ನಿಂತ ಮೇಲೂ ಮರಗಟ್ಟುವಿಕೆ ಕೆಲವು ತಿಂಗಳು ಹೆಚ್ಚುತ್ತಲೇ ಹೋಗಬಹುದು ಎಂಬುದು ನಮಗೆ ಮುಂಚೆಯೇ ತಿಳಿದಿದ್ದರೆ ಆ ಮಳೆಗಾಲ ಅಷ್ಟು ಗಾಬರಿಯಲ್ಲಿ ಕಳೆಯುತ್ತಿರಲಿಲ್ಲ. ಚಿಕಿತ್ಸೆ ಮುಗಿದಿತ್ತು, ಅಪ್ಪ ತೋಟಕ್ಕೆ ಇಳಿದಿದ್ದರು, ಪಾದ ಮಾತ್ರ ದಿನೇ ದಿನೇ ಮರಗಟ್ಟುತ್ತಿತ್ತು. ಜಿಗಣೆ ಹಿಡಿದದ್ದು, ಮುಳ್ಳು ನೆಟ್ಟದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಸಂಜೆ ಅವ್ವ ಟಾರ್ಚು ಹಿಡಿದು ಬೆರಳ ಸಂದಿಗಳನ್ನೆಲ್ಲ ನೋಡುತ್ತಿದ್ದರು. ಸ್ನಾನದ ನೀರಿನ ಬಿಸಿಯನ್ನು ಕೈಯಿಂದಲ್ಲ, ಮೊಣಕೈಯಿಂದ ನೋಡಬೇಕು. ಜಾರುವ ಮೆಟ್ಟಿಲುಗಳಿಗೆ ಹಿಡಿ ಹಾಕಿಸಿದೆವು, ಒಂದು ಊರುಗೋಲು ಮಾಡಿಸಿದೆವು. ನರಕ್ಕೆ ಒಳ್ಳೆಯದೆಂದು ಮಾರುವ ಮಾತ್ರೆಗಳ ಬಗ್ಗೆ ಎಚ್ಚರವಿರಲಿ: ಅಸಿಟೈಲ್-ಎಲ್-ಕಾರ್ನಿಟಿನ್ ಟ್ಯಾಕ್ಸೇನ್ ಗುಂಪಿನ ಕೀಮೋ ಪಡೆದವರಲ್ಲಿ ನರದ ತೊಂದರೆಯನ್ನು ಹೆಚ್ಚಿಸಿತೆಂದು 2013ರ ಅಧ್ಯಯನವೊಂದು ತೋರಿಸಿದೆ, ಒಂದು ಕಾಲದಲ್ಲಿ ಡ್ರಿಪ್ ಜೊತೆಗೆ ಕೊಡುತ್ತಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಂದ ಪ್ರಯೋಜನವಿಲ್ಲವೆಂದೂ ನಂತರ ಗೊತ್ತಾಗಿದೆ. ಉರಿ, ಚುಚ್ಚುವ ನೋವಿಗೆ ಪ್ರಯೋಗದಲ್ಲಿ ಗುಣ ತೋರಿದ ಔಷಧಿ ಡುಲೋಕ್ಸೆಟಿನ್. ಅದೂ ನೋವಿಗೆ, ಮರಗಟ್ಟುವುದಕ್ಕೆ ಅದರಿಂದ ಹೆಚ್ಚೇನೂ ಆಗುವುದಿಲ್ಲ. ಅಪ್ಪ ಅದನ್ನು ತೆಗೆದುಕೊಳ್ಳುತ್ತಿದ್ದಾರೆ, ರಾತ್ರಿಯ ಉರಿ ಇಳಿದಿದೆ. ಕೈಬೆರಳು ಬಹುಮಟ್ಟಿಗೆ ಸರಿಯಾಗಿದೆ, ಪಾದ ಇನ್ನೂ ಆಗಿಲ್ಲ. ಪ್ರಮಾಣ ಕಡಿಮೆ ಮಾಡಬಹುದೇ ಎಂದು ಮುಂದಿನ ತಪಾಸಣೆಯಲ್ಲಿ ಕೇಳಬೇಕಿದೆ; ಅದನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ, ವಾರಗಳ ಮೇಲೆ ಹಂತ ಹಂತವಾಗಿ ಇಳಿಸಬೇಕು, ಆದ್ದರಿಂದ ಮಳೆ ಹಿಡಿದು ರಸ್ತೆ ಕೆಡುವ ಮುಂಚೆಯೇ ಹೋಗಿಬರುವುದೆಂದು ನಿಶ್ಚಯಿಸಿದ್ದೇವೆ.